ಎದ್ದು ಹೋಗುವಷ್ಟು ದೂರ

ಕುರ್ಚಿಯ ಅಡಿಗೆ ಪೊರಕೆ ತೂರಿಸಿ ಎಳೆದ ಲಾಂಡ್ರಿಯಮ್ಮ ಅಲ್ಲಿಗೇ ಕೈ ನಿಲ್ಲಿಸಿದಳು. ಪೊರಕೆಯ ಕಡ್ಡಿಗಳ ನಡುವೆ ಕೂದಲಿನಂಥದ್ದೇನೋ ಸಿಕ್ಕಿಕೊಂಡು ಮಿಣಮಿಣ ಅನ್ನುತ್ತಿತ್ತು. ಕೆಂಚು ಬಣ್ಣ. ಮನೆಯಲ್ಲಿ ಇರುವುದೇ ಎರಡು ತಲೆ, ಒಂದು ಬಿಳಿ, ಇನ್ನೊಂದು ಬೋಳು. ಇದ್ಯಾರ ಕೂದಲಪ್ಪಾ ಎಂದು ಬಗ್ಗಿ ಎಳೆದರೆ ಚುರಕ್ಕೆಂದು ಬೆರಳಿಗೆ ಚುಚ್ಚಿತು. ತಾಮ್ರದ ಎಳೆ.

ಒಂದಲ್ಲ. ಜಮಖಾನದ ಅಂಚಿನಲ್ಲಿ ನಾಲ್ಕಾರು, ಕುರ್ಚಿಯ ಕಾಲಿನ ಬುಡದಲ್ಲಿ ಒಂದಷ್ಟು, ಅವಳ ಚಪ್ಪಲಿಯ ಅಟ್ಟೆಗೇ ಅಂಟಿಕೊಂಡಿದ್ದವು ಎರಡು. ಎಲ್ಲವನ್ನೂ ಹೆಕ್ಕಿ ಅಂಗೈಯಲ್ಲಿ ಒಟ್ಟು ಮಾಡಿದಾಗ ಒಂದು ಪುಟ್ಟ ಜುಟ್ಟಿನಷ್ಟಾಯಿತು. ಯಾರಿಗೋ ಕ್ಷೌರ ಮಾಡಿದ ಹಾಗಿದೆ ಎಂದುಕೊಂಡು ಜಾಡು ಹಿಡಿದು ಹೋದಳು. ಜಾಡು ನೇರವಾಗಿ ಯಜಮಾನರ ಕುರ್ಚಿಯ ಪಕ್ಕದ ಮೇಜಿಗೆ, ಮೇಜಿನ ಮೇಲಿದ್ದ ಆಂಪ್ಲಿಫೈಯರಿನ ಬೆನ್ನಿಗೆ ಹೋಗಿ ಮುಟ್ಟಿತು.

ಅಲ್ಲಿ ಹೆಬ್ಬೆರಳು ಗಾತ್ರದ ಕರಿ ಕೇಬಲ್ಲೊಂದು ಮಲಗಿತ್ತು. ಹಿಂದಿನ ದಿನ ಬೆಳಗ್ಗೆ ಅವಳು ಕೆಲಸಕ್ಕೆ ಹೋಗುವಾಗ ಅದು ಇರಲಿಲ್ಲ. ಕೇಬಲ್ಲು ಮೇಜಿನಿಂದ ಇಳಿದು, ಗೋಡೆಯ ಬುಡ ಹಿಡಿದು, ಬಾಗಿಲು ಸಿಕ್ಕಿದಲ್ಲಿ ಚೌಕಟ್ಟು ಹತ್ತಿ, ಆ ಕಡೆ ಇಳಿದು, ಪರದೆಯ ಹಿಂದೆ ನುಸುಳಿ, ಎದುರು ಗೋಡೆಯ ಎರಡು ಸ್ಪೀಕರುಗಳವರೆಗೂ ಕೋಣೆಯನ್ನು ಸುತ್ತು ಹಾಕಿತ್ತು. ಆದರೆ ಆಂಪ್ಲಿಫೈಯರಿನ ಬೆನ್ನಲ್ಲಿರುವ ತೂತು ಬಟಾಣಿ ಕಾಳೂ ಹಿಡಿಸದಷ್ಟು ಸಣ್ಣದು. ಅದರೊಳಕ್ಕೆ ಈ ಮಹಾಶಯ ಹೇಗೆ ಹೋದ? ಹೋಗಿರಲಿಲ್ಲ. ತುದಿಯಲ್ಲಿ ತೊಗಟೆ ಸುಲಿದು, ಒಳಗಿನ ಎಳೆಗಳಲ್ಲಿ ಮುಕ್ಕಾಲು ಭಾಗ ಕತ್ತರಿಸಿ ಬಿಸಾಕಿ, ಉಳಿದ ನಾಲ್ಕು ಎಳೆಗಳನ್ನು ಹೊಸೆದು ತೂರಿಸಿದ್ದರು. ಆನೆಯ ಸೊಂಡಿಲಿನ ತುದಿಗೆ ಇಲಿಯ ಬಾಲ ಕಟ್ಟಿದ ಹಾಗೆ.

"ಅಯ್ಯೋ ಕರ್ಮವೇ" ಎಂದಳು ಲಾಂಡ್ರಿಯಮ್ಮ, ಯಾರಿಗೂ ಕೇಳಿಸದ ಹಾಗೆ. ಕೇಳಿಸಿಕೊಳ್ಳಲು ಯಾರೂ ಇರಲೂ ಇಲ್ಲ. ಭಾನುವಾರ. ಯಜಮಾನರು ಮಹಡಿಯ ಮೇಲೆ ಇನ್ನೂ ಗಡ್ಡ ಹೆರೆದುಕೊಳ್ಳುತ್ತಿದ್ದರು.

ಲಾಂಡ್ರಿಯಮ್ಮ ಎಂಬುದು ಬೀದಿಯವರು ಇಟ್ಟ ಹೆಸರು. ಬೀದಿಯ ಕೊನೆಯ ಲಾಂಡ್ರಿಯಲ್ಲಿ, ಕೌಂಟರಿನ ಹಿಂದೆ, ಅವಳ ಕೂದಲು ಕಪ್ಪಗಿದ್ದಾಗಿನಿಂದ ಕೂತವಳು. ಬಟ್ಟೆಗೆ ಚೀಟಿ ಚುಚ್ಚುವುದು, ಚೀಟಿಯ ಮೇಲೆ ಕೊಡುವ ದಿನ ಬರೆಯುವುದು, ಆ ದಿನ ಕೊಡುವುದು. "ಯಾವತ್ತು ಸಿಗುತ್ತಮ್ಮಾ?" ಎಂದು ಕೇಳಿದವರಿಗೆ "ನೋಡೋಣ" ಎಂದು ಅವಳು ಒಂದು ದಿನವೂ ಹೇಳಿದ್ದಿಲ್ಲ. ನೋಡೋಣ ಅನ್ನುವವರನ್ನು ಕಂಡರೆ ಅವಳಿಗೆ ಕಾಲರಿನ ಕೊಳೆ ಕಂಡಷ್ಟೇ ತಾತ್ಸಾರ. ಅಂಥವಳಿಗೆ ಸಿಕ್ಕ ಗಂಡ ನೋಡೋಣ ಎನ್ನುವುದನ್ನೇ ಉಸಿರಾಡುವವರು.

ಯಜಮಾನರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದವರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಎತ್ತಿ ನೋಡುವುದು, ಕಲ್ಲು ತೂಗುವುದು, ಲೀಟರಿನ ಡಬ್ಬಿಯ ತಳಕ್ಕೆ ಮೇಣ ಮೆತ್ತಿದ್ದಾರೋ ಎಂದು ಉಗುರಿನಿಂದ ಕೆರೆಯುವುದು. ಆ ಮಟ್ಟಿಗೆ ಅವರನ್ನು ಆಡಿಕೊಳ್ಳುವ ಹಾಗಿಲ್ಲ. ಅಳತೆಯ ವಿಷಯದಲ್ಲಿ ಕೂದಲೆಳೆಯಷ್ಟು ಸುಳ್ಳು ಹೇಳಿದ ಮನುಷ್ಯನಲ್ಲ. ನಿವೃತ್ತಿಯಾದ ಮೇಲೆ ಅಳೆಯಲು ಏನೂ ಇಲ್ಲದೆ ಒಂದಷ್ಟು ದಿನ ಮನೆಯ ಹಾಲಿನ ಪ್ಯಾಕೆಟ್ಟನ್ನೇ ತೂಗಿ ನೋಡುತ್ತಿದ್ದರು. ಆಮೇಲೆ ಯಾವ ಕೆಟ್ಟ ಗಳಿಗೆಯಲ್ಲೋ ಸಂಗೀತದ ಹುಚ್ಚು ಹತ್ತಿತು. ಸಂಗೀತದ್ದಲ್ಲ, ಸಂಗೀತ ಬರುವ ಪೆಟ್ಟಿಗೆಗಳ ಹುಚ್ಚು. ಹತ್ತು ವರ್ಷದ ಹುಡುಗಿಯಷ್ಟು ಎತ್ತರದ ಎರಡು ಸ್ಪೀಕರು, ಕಬ್ಬಿಣದ ಟ್ರಂಕಿನಂಥ ಒಂದು ಆಂಪ್ಲಿಫೈಯರು ಬಂದವು. ಮುಂದಿನ ಕೋಣೆ ತುಂಬಿತು. ಆ ಹುಚ್ಚಿಗೆ ಜೊತೆಗಾರರಾಗಿ ಹಲ್ಲಿನ ಡಾಕ್ಟರೊಬ್ಬರು ಭಾನುವಾರ ಭಾನುವಾರ ಬರತೊಡಗಿದರು.

ಆ ಮುಂದಿನ ಕೋಣೆಯೇ ಈಗ ಎಲ್ಲದಕ್ಕೂ ಮೂಲ. ಮನೆಯಲ್ಲಿ ಮೆಟ್ಟಿಲು ಹತ್ತದೆ ಮಲಗಬಹುದಾದ ಕೋಣೆ ಅದೊಂದೇ. ಪಕ್ಕದಲ್ಲೇ ಬಚ್ಚಲುಮನೆ.

ಹೋದ ಚಳಿಗಾಲದಲ್ಲಿ ಅಕ್ಕನಿಂದ ಒಂದು ಕಾಗದ ಬಂದಿತ್ತು. ಅಕ್ಕ ಬೇರೆ ಊರಿನಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಇರುವವಳು. ಮೊಳಕಾಲು ಎರಡೂ ಕೈಕೊಟ್ಟಿವೆ. ಮೆಟ್ಟಿಲು ಇಳಿದರೆ ಹತ್ತಲಾಗದು ಎಂದು ಇಳಿಯುವುದನ್ನೇ ಬಿಟ್ಟಿದ್ದಾಳೆ. ಈಗ ಕಟ್ಟಡದ ಮಾಲೀಕ ಅದನ್ನು ಕೆಡವಿ ಕಟ್ಟುತ್ತೇನೆ, ಖಾಲಿ ಮಾಡಿ ಎಂದಿದ್ದಾನೆ. ಕಾಗದದಲ್ಲಿ ಹೆಚ್ಚೇನೂ ಇರಲಿಲ್ಲ. "ನಿಮ್ಮ ಮುಂದಿನ ಕೋಣೆಯಲ್ಲಿ ಒಂದು ಮಂಚಕ್ಕೆ ಜಾಗ ಆಗುತ್ತದೆಯೇ? ಆಗದಿದ್ದರೆ ಬೇಜಾರಿಲ್ಲ. ಇಬ್ಬರೂ ಕೂತು ಯೋಚನೆ ಮಾಡಿ ಬರೆಯಿರಿ."

ಅಕ್ಕತಂಗಿಯರು ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುವವರೇ. ಆದರೆ ಅವರ ತವರಿನ ರೀತಿ ಅದು. ಸಣ್ಣ ಮಾತೆಲ್ಲ ಬಾಯಲ್ಲಿ, ದೊಡ್ಡ ಮಾತು ಕಾಗದದಲ್ಲಿ. ಎದುರಿಗೆ ಕೇಳಿದರೆ ಜನ ಮುಖ ನೋಡಿ ಹೂಂ ಅಂದುಬಿಡುತ್ತಾರೆ, ಆಮೇಲೆ ಇದ್ದಷ್ಟು ದಿನವೂ ಗೊಣಗುತ್ತಾರೆ ಎಂದು ಅವರಮ್ಮ ಹೇಳುತ್ತಿದ್ದಳು. ಕಾಗದದಲ್ಲಿ ಕೇಳಿದ್ದನ್ನು ಕಾಗದ ಬರುವ ತನಕ ಎತ್ತಿ ಆಡುವಂತಿಲ್ಲ.

ಲಾಂಡ್ರಿಯಮ್ಮ ಅಂದೇ ಉತ್ತರ ಬರೆದಿಟ್ಟಳು. "ಬಾ" ಎಂದು ಶುರುವಾಗಿ "ಬೇಗ ಬಾ" ಎಂದು ಮುಗಿಯುವ ಕಾಗದ. ಲಕೋಟೆಗೆ ಸ್ಟಾಂಪನ್ನೂ ಅಂಟಿಸಿದಳು. ಆದರೆ ಯಜಮಾನರ ಬಾಯಿಂದ ಒಂದು ಮಾತು ಬರದೆ ಅದನ್ನು ಹಾಕುವುದು ಹೇಗೆ? ಅಕ್ಕ ವಾಸನೆಯಿಂದಲೇ ಎಲ್ಲವನ್ನೂ ತಿಳಿಯುವವಳು. ಒಲ್ಲದ ಮನೆಗೆ ಬಂದಿದ್ದೇನೆ ಎಂದು ಒಂದು ಹೊತ್ತಿನ ಊಟದಲ್ಲಿ ಗೊತ್ತು ಮಾಡಿಕೊಳ್ಳುತ್ತಾಳೆ, ಮಾರನೆಯ ದಿನ ಪೆಟ್ಟಿಗೆ ಕಟ್ಟುತ್ತಾಳೆ.

ಯಜಮಾನರನ್ನು ಕೇಳಿದಾಗ ಅವರು ಬೇಡ ಅನ್ನಲಿಲ್ಲ. ಬೇಡ ಅಂದಿದ್ದರೆ ಎಷ್ಟೋ ವಾಸಿಯಿತ್ತು.

"ಬರ್ಲಿ, ಯಾರು ಬೇಡ ಅಂದೋರು? ಕೇಬಲ್ ಒಂದು ಸೆಟ್ಲಾಗ್ಲಿ" ಎಂದರು.

"ಕೇಬಲ್ಲಿಗೂ ನಮ್ಮಕ್ಕನಿಗೂ ಏನ್ರೀ ಸಂಬಂಧ?"

"ಹಾಗಲ್ಲ ಕಣೇ. ಸರಿಯಾಗಿ ಕೇಳು. ಕೇಬಲ್ ಎಷ್ಟು ದಪ್ಪ ಇರ್ಬೇಕು ಅನ್ನೋದು ಎಷ್ಟು ಉದ್ದ ಅನ್ನೋದರ ಮೇಲೆ ಹೋಗುತ್ತೆ. ಉದ್ದ ಎಷ್ಟು ಅಂತ ತಿಳೀಬೇಕಾದ್ರೆ ಸ್ಪೀಕರ್ ಎಲ್ಲಿ ನಿಲ್ಲುತ್ತೆ ಅಂತ ತಿಳೀಬೇಕು."

"ಸ್ಪೀಕರ್ ಎಲ್ಲಿ ನಿಲ್ಲುತ್ತೆ ಅಂತ ತಿಳೀಬೇಕಾದ್ರೆ?"

"ಮಂಚ ಎಲ್ಲಿ ಬರುತ್ತೆ ಅಂತ ತಿಳೀಬೇಕು."

"ಮಂಚ ಎಲ್ಲಿ ಬರುತ್ತೆ?"

"ಅದೇ ಹೇಳಿದ್ನಲ್ಲ, ಕೇಬಲ್ ಸೆಟ್ಲಾಗ್ಲಿ."

ಗಾಣದ ಎತ್ತಾದರೂ ಸುತ್ತಿ ಸುತ್ತಿ ಒಂದಿಷ್ಟು ಎಣ್ಣೆ ತೆಗೆಯುತ್ತದೆ. ಇವರ ಸುತ್ತಿನಲ್ಲಿ ಅದೂ ಇಲ್ಲ. ಚಳಿಗಾಲ ಹೋಯಿತು, ಈಗ ಫ್ಯಾನಿಲ್ಲದೆ ಕೂರಲಾಗದ ಸೆಕೆ. ಲಾಂಡ್ರಿಯಮ್ಮ ತನ್ನ ಕಾಗದದ ಮೇಲಿನ ತಿಂಗಳನ್ನು ಹೊಡೆದು ಹೊಸ ತಿಂಗಳು ಬರೆದಳು. ಅದನ್ನೂ ಹೊಡೆದು ಮತ್ತೊಂದು ಬರೆದಳು. ಈಗ ಕಾಗದದ ನೆತ್ತಿಯ ಮೇಲೆ ಗೀಚು ಬಿಟ್ಟರೆ ಏನೂ ಕಾಣುವುದಿಲ್ಲ. ಅದು ಮುಂದಿನ ಕೋಣೆಯ ಬೀರುವಿನ ಡ್ರಾಯರಿನಲ್ಲಿ, ಸ್ಪೀಕರಿನ ಜೊತೆಗೇ ಪುಕ್ಕಟೆ ಬಂದಿದ್ದ ಕೆಂಪು-ಕರಿ ಸಣ್ಣ ತಂತಿಯ ಸುರುಳಿಯ ಪಕ್ಕದಲ್ಲಿ ಬಿದ್ದಿತ್ತು. ಆ ತಂತಿಯನ್ನು ಯಜಮಾನರು ಮೊದಲ ದಿನವೇ "ಇದು ಕಾಲಿಂಗ್ ಬೆಲ್ಲಿಗೆ ಆಗುತ್ತೆ" ಎಂದು ಅಲ್ಲಿಗೆ ಎಸೆದಿದ್ದರು.

ಇದೆಲ್ಲ ನೆಪ ಎಂದು ಲಾಂಡ್ರಿಯಮ್ಮನಿಗೆ ಗೊತ್ತಿತ್ತು. ನಿಜವಾದ ಕಾರಣ ಬೇರೆ. ಸ್ಪೀಕರು ಬಂದ ಹೊಸದರಲ್ಲಿ ಅಕ್ಕ ಎರಡು ದಿನಕ್ಕೆಂದು ಬಂದಿದ್ದಳು. ಯಜಮಾನರು ಅವಳನ್ನು ಕೂರಿಸಿ, ಪರದೆ ಎಳೆದು, ಉಸಿರು ಬಿಗಿಹಿಡಿದು ಒಂದು ಪಿಟೀಲಿನ ಆಲಾಪ ಹಾಕಿದರು. ಆಲಾಪ ಅರ್ಧಕ್ಕೆ ಬರುವಷ್ಟರಲ್ಲಿ ಅಕ್ಕನ ಗೊರಕೆ ಪಿಟೀಲನ್ನು ಮೀರಿಸಿತು. ಎಚ್ಚರಾದ ಮೇಲೆ ಅವಳು "ಚೆನ್ನಾಗಿದೆ, ಒಳ್ಳೇ ನಿದ್ದೆ ಬರ್ಸುತ್ತೆ" ಎಂದು ಮನಸಾರೆ ಹೊಗಳಿದಳು. ಯಜಮಾನರು ಅದನ್ನು ಇವತ್ತಿನವರೆಗೂ ನುಂಗಿಕೊಂಡಿಲ್ಲ.

ಫೋನು ಬಂತು. ಅಕ್ಕನದೇ. ಲಾಂಡ್ರಿಯಮ್ಮ ತಾಮ್ರದ ಜುಟ್ಟನ್ನು ಅಂಗೈಯಲ್ಲೇ ಹಿಡಿದುಕೊಂಡು ಕುರ್ಚಿಯ ತೋಳಿನ ಮೇಲೆ ಕೂತಳು.

"ಏನೇ, ನಿಮ್ಮ ಮನೆ ಹಗ್ಗ ಬಂತಾ?" ಕೇಬಲ್ಲನ್ನು ಅಕ್ಕ ಮೊದಲಿನಿಂದಲೂ ಹಗ್ಗ ಎಂದೇ ಕರೆಯುವುದು.

"ಬಂದಿದೆ. ಹೆಬ್ಬೆರಳು ದಪ್ಪ. ಹಲ್ಲಿನ ಡಾಕ್ಟ್ರು ತಂದಿರ್ಬೇಕು."

"ಇನ್ನೂ ದಪ್ಪದ್ದು ಸಿಗ್ಲಿಲ್ವಂತಾ? ನೀರಿನ ಪೈಪೇ ಹಾಕ್ಸೋದಪ್ಪಾ."

"ನಗ್ಬೇಡ ಅಕ್ಕ. ಮೊಳಕಾಲು ಹೇಗಿದೆ?"

"ಅದಕ್ಕೇನು, ಹಾಗೇ ಇದೆ. ನೋಡು, ಇಲ್ಲೊಂದು ಹಾಸ್ಟೆಲ್ ಇದ್ಯಂತೆ, ವಯಸ್ಸಾದ ಹೆಂಗಸರಿಗೆ. ಒಂದು ರೂಮಿಗೆ ಮೂರು ಜನ. ಕಿಟಕಿ ಪಕ್ಕದ ಮಂಚ ಖಾಲಿ ಇದೆ, ಬರೋ ಭಾನುವಾರದೊಳಗೆ ಹೇಳ್ಬೇಕಂತೆ. ಆಚೆ ಮಂಚದೋಳು ಗೊರಕೆ ಹೊಡೀತಾಳಂತೆ."

"ನೀನೇನು ಕಮ್ಮಿನಾ?"

"ಅದಕ್ಕೇ ಅಂದೆ. ಜೋಡಿ ಸರಿಹೋಗುತ್ತೆ."

ಇಬ್ಬರೂ ನಕ್ಕರು. ಕಾಗದದ ಮಾತು ಅಕ್ಕನೂ ಎತ್ತಲಿಲ್ಲ, ತಂಗಿಯೂ ಎತ್ತಲಿಲ್ಲ. "ಅಲ್ಲಿ ಊಟದಲ್ಲಿ ಉಪ್ಪು ಕಮ್ಮಿಯಂತೆ, ಅದೊಂದೇ ಯೋಚನೆ" ಎಂದು ಹೇಳಿ ಅಕ್ಕ ಇಟ್ಟುಬಿಟ್ಟಳು.

ಲಾಂಡ್ರಿಯಮ್ಮ ಕೂತೇ ಇದ್ದಳು. ಅಕ್ಕ ಅಳುವವಳಲ್ಲ, ಬೇಡುವವಳೂ ಅಲ್ಲ. ಬರುವ ಭಾನುವಾರ ಎಂದು ದಿನ ಹೇಳಿದ್ದಾಳೆ. ಚೀಟಿ ಚುಚ್ಚಿದ್ದಾಳೆ.

ಮಧ್ಯಾಹ್ನದ ಹೊತ್ತಿಗೆ ಹಲ್ಲಿನ ಡಾಕ್ಟರು ಬಂದರು. ಭಾನುವಾರಗಳಲ್ಲಿ ಬೇರೆಯವರ ಬಾಯಿ ನೋಡುವ ಕೆಲಸವಿಲ್ಲದ್ದರಿಂದ ಅವರ ಬಾಯಿಗೆ ಬಿಡುವು ಸಿಗುತ್ತದೆ. ಅವರ ಸಿದ್ಧಾಂತ ಬಹಳ ಸರಳ. ಎಲ್ಲವೂ ದಪ್ಪ ಇರಬೇಕು. ಗೋಡೆ ದಪ್ಪ, ಪರದೆ ದಪ್ಪ, ಕೇಬಲ್ಲು ದಪ್ಪ. ಸೋಫಾದ ಮೇಲೆ ಕೂತು ಕಣ್ಣು ಮುಚ್ಚಿ, ಗಲ್ಲ ಎತ್ತಿ, ಯಾರೋ ತಮ್ಮ ಹಲ್ಲಿಗೇ ಬೈರಿಗೆ ಹಾಕುತ್ತಿದ್ದಾರೆ ಎಂಬ ಮುಖ ಮಾಡಿಕೊಂಡು ಕೇಳಿದರು.

"ಗೊತ್ತಾಯ್ತಾ ಸಾರ್? ಮೊದ್ಲು ಪಿಟೀಲು ಸುಮ್ನೆ ಇರ್ತಿತ್ತು. ಈಗ ಉಸಿರಾಡ್ತಿದೆ."

"ಉಸಿರಾಡ್ತಿದೆ" ಎಂದರು ಯಜಮಾನರು. ಅವರ ಕೈ ಪಕ್ಕದ ಮೇಜಿನ ಮೇಲಿತ್ತು. ಕೂತಲ್ಲಿಂದಲೇ ಆಂಪ್ಲಿಫೈಯರಿನ ಗುಂಡಿಯನ್ನು ಸ್ವಲ್ಪ ಈ ಕಡೆ, ಸ್ವಲ್ಪ ಆ ಕಡೆ ತಿರುಗಿಸುತ್ತಿದ್ದರು. ದಿನವಿಡೀ ಅವರು ಮಾಡುವ ವ್ಯಾಯಾಮ ಅದೊಂದೇ.

ಲಾಂಡ್ರಿಯಮ್ಮ ಕಾಫಿ ತಂದಿಟ್ಟಳು. ಅದರ ಪಕ್ಕದಲ್ಲೇ ಒಂದು ತಟ್ಟೆಯಲ್ಲಿ ತಾಮ್ರದ ಜುಟ್ಟನ್ನೂ ಇಟ್ಟಳು.

"ಇದೇನು?" ಎಂದರು ಡಾಕ್ಟರು.

"ನಿಮ್ಮ ಪಿಟೀಲಿನ ಉಸಿರು. ಕುರ್ಚಿ ಕೆಳಗೆ ಬಿದ್ದಿತ್ತು."

ಡಾಕ್ಟರು ಕೆಮ್ಮಿದರು. "ಅತ್ತಿಗೆಯವರೇ, ಅದು ಹಾಗಲ್ಲ. ಆಂಪ್ಲಿಫೈಯರಿನ ತೂತು ಸಣ್ಣದು. ಸ್ವಲ್ಪ ಹಗುರ ಮಾಡಿದ್ವಿ."

"ದಪ್ಪ ಬೇಕು ಅಂತ ತಂದಿರಿ, ತೂರಲಿಲ್ಲ ಅಂತ ಸಣ್ಣ ಮಾಡಿದ್ರಿ."

"ತುದಿಯಲ್ಲಿ ಮಾತ್ರ. ಉಳಿದದ್ದೆಲ್ಲ ದಪ್ಪಗೇ ಇದೆ."

"ಹೌದೌದು. ನಮ್ಮ ಲಾಂಡ್ರಿಗೆ ಒಬ್ಬರು ಬರ್ತಾರೆ. ದಪ್ಪ ಕತ್ತು, ಕಾಲರಿನ ಗುಂಡಿ ಹಾಕೋಕ್ಕೆ ಆಗಲ್ಲ. ಅವರು ಕತ್ತನ್ನ ಕತ್ತರಿಸ್ಕೊಂಡಿಲ್ಲ, ಪುಣ್ಯ."

ಯಜಮಾನರ ಕಿವಿ ಕೆಂಪಾಯಿತು. ತಾಮ್ರ ಕತ್ತರಿಸಿದ ವಿಷಯ ಅವರಿಗೂ ಒಳಗೊಳಗೇ ಚುಚ್ಚುತ್ತಿತ್ತು ಎಂದು ಲಾಂಡ್ರಿಯಮ್ಮನಿಗೆ ಆಗ ಗೊತ್ತಾಯಿತು. ತಕ್ಕಡಿಯ ತಟ್ಟೆಗೆ ಮೇಣ ಮೆತ್ತಿದವರನ್ನು ಹಿಡಿದವರಲ್ಲವೇ. ಹೊರಗೊಂದು, ಒಳಗೊಂದು ಇರುವುದು ಅವರಿಗೆ ಆಗಿಬರುವುದಿಲ್ಲ. ಕತ್ತರಿ ಹಿಡಿದವರು ಡಾಕ್ಟರು, ಇವರು ಕಣ್ಣು ಮುಚ್ಚಿಕೊಂಡಿದ್ದರು ಅಷ್ಟೆ.

ಅವಳು ಬೈಯಲಿಲ್ಲ. ಬೆತ್ತದ ಮೋಡಾ ಎಳೆದುಕೊಂಡು ಎದುರಿಗೆ ಕೂತಳು.

"ರೀ, ಆ ಲೆಕ್ಕ ನನಗೆ ಇನ್ನೊಂದು ಸಲ ಹೇಳಿ."

ಯಜಮಾನರು ಅನುಮಾನದಿಂದ ನೋಡಿದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ಲೆಕ್ಕ ಕೇಳಿದ್ದು ಇದೇ ಮೊದಲು. ಹೇಳಿದ್ದನ್ನು ಕೇಳಿಸಿಕೊಂಡಿದ್ದಾಳೆ, ಬಟ್ಟೆ ಮಡಿಸುತ್ತಾ, ತರಕಾರಿ ಹೆಚ್ಚುತ್ತಾ, ಆಕಳಿಸುತ್ತಾ. ಆದರೆ ಕೇಳಿದ್ದಿಲ್ಲ.

"ಯಾವ ಲೆಕ್ಕ?"

"ಅದೇ. ಕೇಬಲ್ ಎಷ್ಟು ದಪ್ಪ ಇರ್ಬೇಕು ಅನ್ನೋದು."

ಅನುಮಾನ ಕರಗಿತು. ಕೇಳುವವರು ಸಿಕ್ಕರೆ ಅವರು ಬೆಣ್ಣೆಯಾಗುತ್ತಾರೆ. "ನೋಡು, ಕರೆಂಟು ತಂತಿಯಲ್ಲಿ ಹೋಗುವಾಗ ದಾರೀಲಿ ಒಂದಿಷ್ಟು ಕಳೆದುಹೋಗುತ್ತೆ. ದಾರಿ ಉದ್ದ ಆದಷ್ಟೂ ಕಳೆಯೋದು ಜಾಸ್ತಿ. ತಂತಿ ದಪ್ಪ ಇದ್ರೆ ಕಮ್ಮಿ. ಹೋಗೋಕ್ಕೆ ಒಂದು ಎಳೆ, ಬರೋಕ್ಕೆ ಒಂದು ಎಳೆ, ಹಾಗಾಗಿ ದೂರಾನ ಎರಡರಿಂದ ಗುಣಿಸ್ಬೇಕು. ಸ್ಪೀಕರ್ ಒಡ್ಡೋ ತಡೆಯ ಇಪ್ಪತ್ತರಲ್ಲಿ ಒಂದು ಭಾಗಕ್ಕಿಂತ ತಂತಿಯ ತಡೆ ಹೆಚ್ಚಾಗ್ಬಾರ್ದು. ಅಷ್ಟೇ. ಅಷ್ಟಿದ್ರೆ ಕಿವಿಗೆ ವ್ಯತ್ಯಾಸ ಗೊತ್ತಾಗಲ್ಲ."

"ಸಾರ್, ಅದು ಪುಸ್ತಕದ ಲೆಕ್ಕ" ಎಂದರು ಡಾಕ್ಟರು.

"ಲೆಕ್ಕ ಅಂದ್ರೆ ಲೆಕ್ಕ ಡಾಕ್ಟ್ರೇ. ಪುಸ್ತಕದ್ದು ಬೇರೆ, ಮನೇದು ಬೇರೆ ಅಂತ ಇರಲ್ಲ" ಎಂದು ಯಜಮಾನರು ಸ್ವಲ್ಪ ಖಾರವಾಗಿಯೇ ಹೇಳಿದರು.

"ಅಂದ್ರೆ ದೂರ ಕಮ್ಮಿ ಇದ್ರೆ ಸಣ್ಣ ತಂತಿ ಸಾಕು" ಎಂದಳು ಲಾಂಡ್ರಿಯಮ್ಮ.

"ಸಾಕು."

"ಆ ಕೆಂಪು-ಕರಿ ತಂತಿ?"

"ದೂರ ಕಮ್ಮಿ ಇದ್ರೆ ಧಾರಾಳವಾಯ್ತು. ಆದ್ರೆ ಇಲ್ಲಿ ದೂರ ನೋಡು, ಕೋಣೆ ಸುತ್ತಿ ಹೋಗ್ಬೇಕು."

"ಯಾಕೆ ಸುತ್ತಿ ಹೋಗ್ಬೇಕು?"

"ಯಾಕೆ ಅಂದ್ರೆ, ಆಂಪ್ಲಿಫೈಯರ್ ಇಲ್ಲಿದೆ, ಸ್ಪೀಕರ್ ಅಲ್ಲಿದೆ."

"ಆಂಪ್ಲಿಫೈಯರ್ ಯಾಕೆ ಇಲ್ಲಿದೆ?"

ಡಾಕ್ಟರು ಕಾಫಿಯೊಳಗೆ ಏನೋ ಬಿದ್ದಿದೆಯೋ ಎಂಬಂತೆ ಲೋಟವನ್ನು ಬಗ್ಗಿ ನೋಡಿದರು.

"ಗುಂಡಿ ತಿರುಗಿಸೋಕ್ಕೆ" ಎಂದರು ಯಜಮಾನರು ಕೊನೆಗೆ.

"ಆಂಪ್ಲಿಫೈಯರ್ ಆ ಎರಡು ಸ್ಪೀಕರ್ ಮಧ್ಯ ಇದ್ರೆ?"

"ಹಾಗಾದ್ರೆ ಪ್ರತಿ ಸಲ ಎದ್ದು ಹೋಗ್ಬೇಕಲ್ಲೇ."

ಹೇಳಿದ ಮೇಲೆ ಅವರಿಗೂ ಕೇಳಿಸಿತು. ಕೋಣೆಯಲ್ಲಿ ಪಿಟೀಲು ಉಸಿರಾಡುತ್ತಲೇ ಇತ್ತು.

ಲಾಂಡ್ರಿಯಮ್ಮ ದನಿ ಏರಿಸಲಿಲ್ಲ. ಕೌಂಟರಿನ ಹಿಂದೆ ನಿಂತು, ಚೀಟಿ ಕಳೆದುಕೊಂಡು ಬಂದವರ ಜೊತೆ ಮಾತಾಡುವ ದನಿಯಲ್ಲೇ ಹೇಳಿದಳು. "ಅಂದ್ರೆ ನೀವು ಎದ್ದು ನಾಲ್ಕು ಹೆಜ್ಜೆ ಇಡಬಾರ್ದು ಅಂತ ಆ ಹಗ್ಗ ಕೋಣೆಯೆಲ್ಲ ಸುತ್ತಿದೆ. ಹಗ್ಗ ಸುತ್ತಿದೆ ಅಂತ ಅದು ದಪ್ಪ ಆಗ್ಬೇಕು. ದಪ್ಪ ಯಾವುದು ಅಂತ ಗೊತ್ತಾಗ್ಲಿಲ್ಲ ಅಂತ ಮಂಚ ಬರೋ ಹಾಗಿಲ್ಲ. ಮೊಳಕಾಲು ನೋವಿರೋದು ನಮ್ಮಕ್ಕನಿಗೆ. ನಿಮಗೇನಾಗಿದೆ?"

"ನಿಮ್ಮಕ್ಕನಿಗೆ ಇದರ ಬೆಲೆ ಗೊತ್ತಿಲ್ಲ" ಎಂದು ಯಜಮಾನರು ಥಟ್ಟನೆ ಅಂದುಬಿಟ್ಟರು. "ಕೂರ್ಸಿ ಕೇಳ್ಸಿದ್ರೆ ಗೊರಕೆ ಹೊಡೆದ್ಲು."

ಬಂತಲ್ಲ, ಕೊನೆಗೂ ಬಂತು. ಲಾಂಡ್ರಿಯಮ್ಮ ನಿಟ್ಟುಸಿರು ಬಿಟ್ಟಳು. ಬಹಳ ದಿನದಿಂದ ಒಗೆಯದೆ ಇಟ್ಟ ಬಟ್ಟೆ ಹೊರಗೆ ಬಂದ ಹಾಗಾಯಿತು.

"ಹೊಡೆದ್ಲು. ಆವತ್ತು ಅವಳು ರೈಲಿನಲ್ಲಿ ನಿಂತ್ಕೊಂಡು ಬಂದಿದ್ಲು, ಮೊಳಕಾಲು ಊದಿತ್ತು. ಹಿಂದಿನ ರಾತ್ರಿ ಕಣ್ಣು ಮುಚ್ಚಿರ್ಲಿಲ್ಲ. ನಿಮ್ಮ ಪಿಟೀಲು ಕೇಳಿ ನೋವು ಮರೆತು ನಿದ್ದೆ ಹೋದ್ಲು. ಈ ಡಾಕ್ಟ್ರು ಎಷ್ಟು ಭಾನುವಾರದಿಂದ ಬರ್ತಿದ್ದಾರೆ? ಒಂದು ದಿನಾನಾದ್ರೂ ಅವರ ಮುಖ ಸಡಿಲ ಆಗಿದ್ದು ನೋಡಿದ್ದೀರಾ?"

"ನಾನು ಗಮನ ಇಟ್ಟು ಕೇಳ್ತೀನಿ" ಎಂದರು ಡಾಕ್ಟರು.

"ಅದಕ್ಕೇ ಹೇಳಿದ್ದು."

ಅವಳು ಎದ್ದಳು. ಬೀರುವಿನ ಡ್ರಾಯರು ಎಳೆದು ಕೆಂಪು-ಕರಿ ತಂತಿಯ ಸುರುಳಿ ತೆಗೆದು ಯಜಮಾನರ ತೊಡೆಯ ಮೇಲಿಟ್ಟಳು. "ನೀವು ಅಳೆದು ಹೇಳಿ. ಸಾಲಲ್ಲ ಅಂತ ಬಂದ್ರೆ ನಾನು ಇನ್ನು ಈ ಮಾತು ಎತ್ತಲ್ಲ. ಅಕ್ಕ ಹಾಸ್ಟೆಲಿಗೆ ಹೋಗ್ತಾಳೆ."

ಅದು ಜೂಜು. ತಂತಿ ಸಾಲುತ್ತದೋ ಇಲ್ಲವೋ ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಗಂಡನ ಬಗ್ಗೆ ಒಂದೇ. ಈ ಮನುಷ್ಯ ನೋಡೋಣ ಎಂದು ವರ್ಷಗಟ್ಟಲೆ ತಳ್ಳಬಲ್ಲರು, ಮುನಿಸು ಕಟ್ಟಿಕೊಂಡು ಕೂರಬಲ್ಲರು. ಆದರೆ ಕೈಯಲ್ಲಿ ಟೇಪು ಹಿಡಿದ ಮೇಲೆ ಇದ್ದದ್ದನ್ನು ಇಲ್ಲ ಅನ್ನಲಾರರು.

ಯಜಮಾನರು ಸ್ವಲ್ಪ ಹೊತ್ತು ತಂತಿಯನ್ನು ನೋಡುತ್ತಾ ಕೂತರು. ಆಮೇಲೆ ಜೇಬಿನಿಂದ ಕನ್ನಡಕ ತೆಗೆದರು. ಇನ್ನೊಂದು ಜೇಬಿನಿಂದ ಟೇಪು ತೆಗೆದರು. ಎದ್ದರು. ಎರಡು ಸ್ಪೀಕರುಗಳ ನಡುವೆ ಮಂಡಿಯೂರಿ, ಒಂದು ಕಡೆ ಅಳೆದು, ಇನ್ನೊಂದು ಕಡೆ ಅಳೆದು, ತಂತಿಯ ತುದಿಯನ್ನು ಬೆಳಕಿಗೆ ಹಿಡಿದು, ಒಂದು ಎಳೆಯನ್ನು ಬೇರ್ಪಡಿಸಿ, ತುಟಿ ಅಲ್ಲಾಡಿಸುತ್ತಾ ಲೆಕ್ಕ ಹಾಕಿದರು. ಎರಡರಿಂದ ಗುಣಿಸುವುದು ತುಟಿಯಲ್ಲಿ ಕಾಣಿಸಿತು. ಲಾಂಡ್ರಿಯಮ್ಮ ಸೆರಗಿನ ಅಂಚನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಮುಖದಲ್ಲಿ ಮಾತ್ರ ಖಾಲಿ ಕೌಂಟರು.

"ಹೇಳಿ ಸಾರ್, ಬೆಲ್ಲಿನ ತಂತಿ ಅದು" ಎಂದು ಡಾಕ್ಟರು ನಕ್ಕರು.

"ಸಾಕು" ಎಂದರು ಯಜಮಾನರು.

"ಏನು?"

"ಇಷ್ಟು ದೂರಕ್ಕೆ ಇದು ಸಾಕು. ಇಪ್ಪತ್ತರಲ್ಲಿ ಒಂದಲ್ಲ, ಮೂವತ್ತರಲ್ಲಿ ಒಂದೂ ಹೋಗಲ್ಲ."

"ಸಾರ್, ಕಿವಿ ಅಂತ ಒಂದು ಇರುತ್ತೆ."

"ಕಿವಿ ಇದೆ ಡಾಕ್ಟ್ರೇ. ಆದ್ರೆ ನೀವು ತುದಿ ಕತ್ತರಿಸಿದ್ದು ನಿಮ್ಮ ಕಿವಿಗೆ ಗೊತ್ತಾಗ್ಲಿಲ್ಲ."

ಲಾಂಡ್ರಿಯಮ್ಮ ಮುಖ ತಿರುಗಿಸಿದಳು. ನಗು ಬಂದರೆ ಕೆಲಸ ಕೆಡುತ್ತದೆ.

ಡಾಕ್ಟರು ತಮ್ಮ ಕೇಬಲ್ಲನ್ನು ವಾಪಸ್ಸು ಕೇಳಿದರು. ಚೌಕಟ್ಟಿನಿಂದ ಬಿಡಿಸಿ ಸುತ್ತುವಷ್ಟರಲ್ಲಿ ಅವರ ಅಂಗಿಯೆಲ್ಲ ಬೆವರಾಯಿತು. "ತುದಿ ಹಾಳಾಯ್ತು, ಇನ್ನು ಯಾರಿಗೂ ಕೊಡೋ ಹಾಗಿಲ್ಲ" ಎಂದು ಗೊಣಗಿದರು. "ಹಾಳು ಮಾಡ್ದೋರು ಯಾರೋ" ಎಂದು ಲಾಂಡ್ರಿಯಮ್ಮ ತಟ್ಟೆಯಲ್ಲಿದ್ದ ತಾಮ್ರದ ಜುಟ್ಟನ್ನು ಒಂದು ಚೀಟಿಯಲ್ಲಿ ಕಟ್ಟಿ ಅವರ ಕೈಗಿಟ್ಟಳು, ಲಾಂಡ್ರಿಯಲ್ಲಿ ಉದುರಿದ ಗುಂಡಿಯನ್ನು ಕಟ್ಟಿ ಕೊಡುವ ಹಾಗೆ. ಹೆಗಲ ಮೇಲೆ ಆ ಸುರುಳಿ ಹೊತ್ತು ಡಾಕ್ಟರು ಬೀದಿಯಲ್ಲಿ ಹೋಗುವುದನ್ನು ನೋಡಿದವರು ಯಾವುದೋ ಬಾವಿ ತೊಳೆಯಲು ಹೊರಟಿದ್ದಾರೆ ಎಂದುಕೊಂಡಿರಬೇಕು.

ಆಮೇಲೆ ಗಂಡಹೆಂಡತಿ ಇಬ್ಬರೇ ಮೇಜು ಎತ್ತಿದರು. ಆಂಪ್ಲಿಫೈಯರು ಎರಡು ಸ್ಪೀಕರುಗಳ ನಡುವೆ ಹೋಗಿ ಕೂತಿತು. ಸಣ್ಣ ತಂತಿ ತೂತಿನೊಳಗೆ ತಕರಾರಿಲ್ಲದೆ ಹೋಯಿತು. ಮೇಜು, ಕುರ್ಚಿ ಸರಿದ ಮೂಲೆಯಲ್ಲಿ ಒಂದು ಮಂಚದಷ್ಟೇ ಜಾಗ ಬರಿದಾಗಿ ಬಿದ್ದಿತ್ತು, ಅದರ ಮೇಲೆಲ್ಲ ಇಷ್ಟು ತಿಂಗಳಿನ ಧೂಳು. ಲಾಂಡ್ರಿಯಮ್ಮ ಮತ್ತೆ ಪೊರಕೆ ಹಿಡಿದಳು. ಯಜಮಾನರು ಹಿತ್ತಲ ಶೆಡ್ಡಿನಿಂದ ಹಳೆಯ ಮಂಚದ ಚೌಕಟ್ಟು ಹೊತ್ತು ತಂದರು, ಬಾಗಿಲಲ್ಲಿ ಅದು ಸಿಕ್ಕಿಕೊಂಡಾಗ ಅಡ್ಡ ತಿರುಗಿಸಬೇಕೋ ಉದ್ದ ತಿರುಗಿಸಬೇಕೋ ಎಂದು ಅಳೆಯಲು ಹೊರಟರು. "ಅಡ್ಡ" ಎಂದಳು ಅವಳು. ಅಡ್ಡ ತಿರುಗಿಸಿದರು, ಬಂತು.

ಪಿಟೀಲು ಹಾಕಿದರು. ಮೊದಲಿನ ಹಾಗೆಯೇ ಇತ್ತು. ಲಾಂಡ್ರಿಯಮ್ಮನಿಗೆ ಯಾವತ್ತೂ ಅದು ಮೊದಲಿನ ಹಾಗೆಯೇ ಇತ್ತು. ಯಜಮಾನರು ಕಣ್ಣು ಮುಚ್ಚಿ ಕೇಳಿದರು, ಕಣ್ಣು ತೆರೆದರು, ಎದ್ದು ಹೋಗಿ ಗುಂಡಿ ಸ್ವಲ್ಪ ತಿರುಗಿಸಿ ಬಂದು ಕೂತರು. ಮತ್ತೆ ಎದ್ದು ಹೋದರು.

"ಬರ್ಲಿ" ಎಂದರು, ಅಲ್ಲೇ ನಿಂತು, ಗೋಡೆಗೆ ಹೇಳುವ ಹಾಗೆ.

"ನನಗೆ ಹೇಳಿದ್ರಾ?"

"ನಿಮ್ಮಕ್ಕ. ಬರ್ಲಿ ಅಂತ ಬರಿ."

"ಬರೆದಾಗಿದೆ." ಡ್ರಾಯರಿನಿಂದ ಕಾಗದ ತೆಗೆದಳು. ಯಜಮಾನರು ಅದನ್ನು ಈಸಿಕೊಂಡು, ನೆತ್ತಿಯ ಮೇಲಿನ ಗೀಚುಗಳನ್ನು ಒಂದೊಂದಾಗಿ ನೋಡಿದರು. ಪೆನ್ನು ಬೇಕು ಎಂದು ಕೈಚಾಚಿದರು. ಕಾಗದದ ಕೊನೆಯಲ್ಲಿ, ಆಫೀಸಿನಲ್ಲಿ ವರದಿ ಬರೆಯುತ್ತಿದ್ದ ಆ ದುಂಡಕ್ಷರದಲ್ಲೇ ಬರೆದರು. "ಮಂಚ ಹಾಕಲಾಗಿದೆ. ಮಂಚದ ತಲೆಭಾಗದಿಂದ ಎಡಗಡೆಯ ಸ್ಪೀಕರಿಗೆ ಒಂಬತ್ತು ಅಡಿ. ಸದ್ದು ಹೆಚ್ಚೆನಿಸಿದಲ್ಲಿ ತಿಳಿಸತಕ್ಕದ್ದು. ಗೊರಕೆಗೆ ಅಡ್ಡಿಯಿಲ್ಲ."

ಲಾಂಡ್ರಿಯಮ್ಮ ಓದಿದಳು. "ಇದೇನು, ಅಂಗಡಿಗೆ ಕೊಡೋ ನೋಟೀಸಾ?"

"ಅಳತೆ ಇರ್ಲಿ. ನಾನು ಒಪ್ಪಿದ್ದೀನಿ ಅಂತ ಅವರಿಗೆ ಗೊತ್ತಾಗುತ್ತೆ."

ಅದು ನಿಜ ಎಂದು ಅವಳಿಗೂ ಅನ್ನಿಸಿತು. ಅಕ್ಕ ಅದನ್ನು ಓದಿ ಎರಡು ದಿನ ನಗುತ್ತಾಳೆ, ಮೂರನೆಯ ದಿನ ಪೆಟ್ಟಿಗೆ ಕಟ್ಟುತ್ತಾಳೆ. ನೆತ್ತಿಯ ಮೇಲಿನ ಕೊನೆಯ ತಿಂಗಳನ್ನೂ ಹೊಡೆದು, ಜಾಗವಿಲ್ಲದೆ ಅಂಚಿನಲ್ಲಿ ಇವತ್ತಿನ ತಾರೀಕು ಬರೆದಳು. ಲಕೋಟೆಯ ಅಂಟು ಒಣಗಿಹೋಗಿತ್ತು, ಅನ್ನದ ಅಗುಳು ಹಚ್ಚಿ ಒತ್ತಿದಳು.

"ಇವತ್ತು ಭಾನುವಾರ ಕಣೇ, ಟಪಾಲು ತೆಗೆಯೋದು ನಾಳೆ ಬೆಳಗ್ಗೆ. ನಾಳೆ ಕೆಲಸಕ್ಕೆ ಹೋಗ್ತಾ ಹಾಕಿದ್ರಾಯ್ತು" ಎಂದರು ಯಜಮಾನರು.

ಅವಳು ಚಪ್ಪಲಿ ಮೆಟ್ಟಿದಳು.

ಟಪಾಲು ಡಬ್ಬಿ ಇದ್ದದ್ದು ಲಾಂಡ್ರಿಯ ಬಾಗಿಲಿನ ಪಕ್ಕದಲ್ಲೇ. ಚಳಿಗಾಲದಿಂದ ಸೆಕೆಯವರೆಗೆ, ರಜೆಯ ದಿನ ಬಿಟ್ಟು ಉಳಿದ ಎಲ್ಲ ದಿನವೂ, ಹೋಗುವಾಗೊಮ್ಮೆ ಬರುವಾಗೊಮ್ಮೆ ಅವಳು ಅದರ ಮುಂದೆಯೇ ಹಾದಿದ್ದಳು. ಗಂಡ ಎದ್ದು ನಾಲ್ಕು ಹೆಜ್ಜೆ ಇಡಲಿಲ್ಲ ಎಂದು ಅಷ್ಟು ಆಡಿಕೊಂಡವಳು, ಬೀಗ ಹಾಕಿದ ಲಾಂಡ್ರಿಯ ಗಾಜಿನಲ್ಲಿ ತನ್ನ ಮುಖ ಕಂಡಾಗ ಒಂದು ಗಳಿಗೆ ಕಣ್ಣು ತಪ್ಪಿಸಿದಳು.

ಬೀದಿ ಖಾಲಿಯಿತ್ತು. ತೆರೆದ ಕಿಟಕಿಯಿಂದ ಪಿಟೀಲು ಅಲ್ಲಿಯವರೆಗೂ ಕೇಳುತ್ತಿತ್ತು. ಕೇಳುತ್ತಿದ್ದ ಹಾಗೆಯೇ ಸದ್ದು ಇಳಿಯಿತು. ಮತ್ತೆ ಎದ್ದಿರಬೇಕು. ಡಬ್ಬಿಯ ಬಾಯಿಯ ತಗಡು ತುಕ್ಕು ಹಿಡಿದು ಬಿಗಿಯಾಗಿತ್ತು. ಬೆಳಗ್ಗೆ ತಾಮ್ರ ಚುಚ್ಚಿದ ಬೆರಳಿನಿಂದಲೇ ಅದನ್ನು ಒತ್ತಿ ಹಿಡಿದು, ಮಣಿಕಟ್ಟಿನವರೆಗೂ ಕೈ ತೂರಿಸಿ, ಕಾಗದವನ್ನು ಬಿಟ್ಟಳು.